ಮಕ್ಕಳ ಆಟದ ಮೈದಾನಕ್ಕೆ ಯಾವ ಮನೆಯಿಂದಲೂ ತರಬಹುದಾದ ತಿಂಡಿ ಬರಲಿ

ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಆಟದ ತಂಡಕ್ಕೆ ಪಾಳಿ ಪ್ರಕಾರ ತಿಂಡಿ ತೆಗೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಬೇಕಿದೆ, ಶಿಕ್ಷಣ ಇಲಾಖೆಯವರಿಗೂ ಒಂದು ಮಾತಿದೆ. ಪತ್ರ ಸ್ವಲ್ಪ ಉದ್ದವಾಯಿತು. ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನನ್ನ ಮಗಳು ಏಳನೇ ಕ್ಲಾಸು. ಕೊಕ್ಕೊ ಆಡುತ್ತಾಳೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೇ ಕೊಕ್ಕೊ ವಿಶ್ವಕಪ್ ನಡೆಯಿತಲ್ಲ, ಫೈನಲ್‌ನಲ್ಲಿ ನಮ್ಮ ಹುಡುಗಿಯರು ನೇಪಾಳದ ಮೇಲೆ 78-40ರಲ್ಲಿ ಗೆದ್ದರು. ಆ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಬಿ. ಚೈತ್ರಾ ಇದ್ದರು. ಅದನ್ನು ಟಿವಿಯಲ್ಲಿ ನೋಡಿದ ಮೇಲೆ ನಮ್ಮ ಬಡಾವಣೆಯ ಮೈದಾನಕ್ಕೆ ಬರುವ ಹೆಣ್ಣುಮಕ್ಕಳು ಜಾಸ್ತಿಯಾದರು. ಈಗ ಒಟ್ಟು 22 ಮಕ್ಕಳಿದ್ದಾರೆ. ಸರ್ಕಾರಿ ಶಾಲೆಯವರೂ ಇದ್ದಾರೆ, ಕಾನ್ವೆಂಟಿನವರೂ ಇದ್ದಾರೆ. ಕುಕ್ಕರುಗಾಲಲ್ಲಿ ಸಾಲಾಗಿ ಕೂತಾಗ ಯಾರು ಎಲ್ಲಿಯವರು ಅಂತ ಗೊತ್ತಾಗುವುದಿಲ್ಲ, ಎಲ್ಲರ ಮೊಣಕಾಲಿಗೂ ಅದೇ ಕೆಮ್ಮಣ್ಣು ಮೆತ್ತಿರುತ್ತದೆ. ನನಗೆ ಈ ಆಟ ಇಷ್ಟವಾಗಿದ್ದೇ ಅದಕ್ಕೆ. ಬ್ಯಾಟು ಬೇಡ, ಪ್ಯಾಡು ಬೇಡ, ಎರಡು ಕಂಬ ನೆಟ್ಟರೆ ಸಾಕು.

ಅದೇ ವರ್ಷ ಜೂನ್‌ನಲ್ಲಿ ತಿಂಡಿ ಪಾಳಿ ಶುರುವಾಯಿತು. ಮಕ್ಕಳು ಮಧ್ಯಾಹ್ನ ಒಂದೂವರೆ ಒಳಗೆ ಊಟ ಮಾಡಿರುತ್ತಾರೆ, ನಾಲ್ಕೂವರೆಗೆ ಮೈದಾನಕ್ಕೆ ಬಂದರೆ ಮನೆ ಸೇರುವುದು ಆರೂವರೆಗೆ. ಅಷ್ಟು ಹೊತ್ತು ಓಡಿದ ಮಗು ಹೊಟ್ಟೆ ಹಿಡಿದುಕೊಂಡು ಮನೆಗೆ ಬರುವುದು ಬೇಡ ಅಂತ ಒಬ್ಬರು ತಾಯಿ ಹೇಳಿದರು. ಎಲ್ಲರೂ ಒಪ್ಪಿದೆವು. ಬುಧವಾರ ಒಂದು ಮನೆ, ಶನಿವಾರ ಒಂದು ಮನೆ. ಎರಡೂವರೆ ತಿಂಗಳಿಗೊಮ್ಮೆ ಒಬ್ಬರ ಸರದಿ ಬರುತ್ತದೆ, ಯಾರಿಗೂ ಭಾರ ಅಲ್ಲ. ಮೊದಲ ದಿನ ಅವರೇ ಎರಡು ಚಿಪ್ಪು ಪಚ್ಚಬಾಳೆ ತಂದರು. ಮಕ್ಕಳು ತಿಂದು, ನೀರು ಕುಡಿದು ಮನೆಗೆ ಹೋದರು. ಅಷ್ಟೇ ಇದ್ದಿದ್ದು.

ಆಮೇಲೆ ಏನಾಯಿತು ಅಂದರೆ, ಒಬ್ಬರು ಬಾಳೆಹಣ್ಣಿನ ಜೊತೆ ಕ್ರೀಮ್ ಬಿಸ್ಕತ್ತು ಸೇರಿಸಿದರು. ಮುಂದಿನವರು ಬೇಕರಿಯಿಂದ ಪಫ್ಸ್ ತಂದರು. ಅದಕ್ಕೆ ಮುಂದಿನವರು ಪಫ್ಸ್ ಜೊತೆ ಮಾವಿನಹಣ್ಣಿನ ಜ್ಯೂಸ್ ಬಾಟಲಿ ತಂದರು. ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೋ ಬರುವುದು ಶುರುವಾಯಿತು. ಕವರಿನಲ್ಲಿ ಮಗುವಿನ ಹೆಸರು ಬರೆದು, ಒಳಗೆ ಚಿಪ್ಸು, ಚಾಕೊಲೇಟು, ಜ್ಯೂಸು ಇಟ್ಟು, ಹುಟ್ಟುಹಬ್ಬಕ್ಕೆ ಹಂಚುತ್ತಾರಲ್ಲ ಹಾಗೆ ಹಂಚಿದವರೂ ಇದ್ದಾರೆ. ಸೆಪ್ಟೆಂಬರ್‌ನಲ್ಲಿ ನನ್ನ ಸರದಿ ಬಂತು. ನಾನೂ ಪಫ್ಸ್ ಮತ್ತು ಜ್ಯೂಸೇ ತೆಗೆದುಕೊಂಡು ಹೋದೆ. ಮಗುವಿಗೆ 45 ರೂಪಾಯಿ, 22 ಮಕ್ಕಳಿಗೆ 990 ರೂಪಾಯಿ. ನಾನೂ ನಮ್ಮ ಮನೆಯವರೂ ಇಬ್ಬರೂ ದುಡಿಯುತ್ತೇವೆ, ನಮಗೆ ಅದು ದೊಡ್ಡದು ಅನ್ನಿಸಲಿಲ್ಲ. ಅದು ಬೇರೆಯವರಿಗೆ ಎಷ್ಟು ದೊಡ್ಡದು ಅಂತ ಯೋಚಿಸಲೂ ಇಲ್ಲ. ಅದು ನನ್ನ ತಪ್ಪು.

ನವೆಂಬರ್‌ನಲ್ಲಿ ತಂಡದ ಒಂದು ಹುಡುಗಿ ಬರುವುದು ನಿಲ್ಲಿಸಿದಳು. ಕಂಬದ ಹತ್ತಿರ ಡೈವ್ ಹೊಡೆಯುವುದರಲ್ಲಿ ಇಡೀ ಗುಂಪಿಗೆ ಅವಳೇ ಮುಂದು. ಜ್ವರ ಇರಬೇಕು ಅಂದುಕೊಂಡೆವು. ಒಂದು ವಾರವಾದರೂ ಬರಲಿಲ್ಲ. ನನ್ನ ಮಗಳು ಬಿಡದೆ ಹಟ ಮಾಡಿದ್ದಕ್ಕೆ ಒಂದು ಸಂಜೆ ಅವರ ಮನೆಗೆ ಹೋದೆವು. ಅವರಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ, ಆಗತಾನೇ ಬಂದು ಸೀಮೆಎಣ್ಣೆ ಡಬ್ಬದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಹುಡುಗಿ ನಮ್ಮನ್ನು ನೋಡಿ ಒಳಗೆ ಹೋದಳು. ನಾನು ಏನಮ್ಮಾ ಹುಷಾರಿಲ್ವಾ ಅಂತ ಕೇಳಿದರೆ ಅವರಮ್ಮ ತಲೆ ಎತ್ತದೆ ಹೇಳಿದರು:

"ಶನಿವಾರ ನಮ್ ಸರದಿ ಅಂತೆ ಅಕ್ಕ. ಅವ್ರು ಹಿಂಗ್ ಕೊಟ್ರು, ಇವ್ರು ಹಂಗ್ ಕೊಟ್ರು ಅಂತಾಳೆ. ಅಷ್ಟೆಲ್ಲಾ ನಮ್ ಕೈಲಿ ಆಗಲ್ಲ. ಇವಳು ನಾಚ್ಕೊಂಡು ಆಟಾನೇ ಬೇಡ ಅಂತಾಳೆ."

ಒಂದು ಪಫ್ಸು, ಒಂದು ಜ್ಯೂಸು. ಅದಕ್ಕೋಸ್ಕರ ಒಂದು ಹುಡುಗಿ ಆಟ ಬಿಡುತ್ತಿದ್ದಳು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೇ ದಿನ ಕೋಚ್ ಸರ್ ಹತ್ತಿರ ಮಾತಾಡಿದೆ. ಅವರಿಗೂ ವಿಷಯ ಗೊತ್ತಿರಲಿಲ್ಲ. ಆ ಹುಡುಗಿಯ ಹೆಸರು ಎಲ್ಲೂ ಎತ್ತದೆ, ಅವರೇ ಎಲ್ಲರನ್ನೂ ಕರೆದು ಹೇಳಿದರು: ಇನ್ನು ಮೇಲೆ ಒಂದೇ ಪದಾರ್ಥ, ಅದೂ ಮನೆಯಲ್ಲಿ ಮಾಡಿದ್ದು ಇಲ್ಲವೇ ಹಣ್ಣು. ಅಂಗಡಿಯ ಪ್ಯಾಕೆಟ್ ಬೇಡ, ಬಾಟಲಿ ಬೇಡ, ಫೋಟೋ ಬೇಡ. ಕೆಲವರಿಗೆ ಬೇಜಾರಾಯಿತು. "ನಮ್ಮ ಖುಷಿಗೆ ಕೊಡ್ತೀವಿ, ಅದರಲ್ಲಿ ಏನು ತಪ್ಪು" ಅಂತ ಒಬ್ಬರು ತಂದೆ ಕೇಳಿದರು. ಅವರು ಕೆಟ್ಟವರಲ್ಲ, ಮಕ್ಕಳ ಮೇಲಿನ ಪ್ರೀತಿಗೇ ತರುತ್ತಿದ್ದರು. ಆದರೆ ನಾವು ಖುಷಿಗೆ ತಂದಿದ್ದು ಮುಂದಿನವರ ತಲೆ ಮೇಲೆ ಸಾಲ ಕೂತ ಹಾಗೆ ಕೂರುತ್ತದೆ. ಕೊಟ್ಟವರಿಗೆ ಅದು ಕಾಣಿಸುವುದಿಲ್ಲ, ನನಗೂ ಕಾಣಿಸಿರಲಿಲ್ಲ.

ಆ ಶನಿವಾರ ಹುಡುಗಿ ಅವರಮ್ಮನ ಜೊತೆ ಬಂದಳು. ಕಡಲೆಕಾಯಿ ಸುಗ್ಗಿ ಅದು. ಒಂದು ದೊಡ್ಡ ಪಾತ್ರೆ ತುಂಬಾ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ, ಇನ್ನೂ ಬಿಸಿ ಬಿಸಿ. ಮಕ್ಕಳು ಮುತ್ತಿಕೊಂಡರು. ಬೇಲಿ ಪಕ್ಕ ಗುಂಡಾಗಿ ಕೂತು, ಸಿಪ್ಪೆ ಬಾಯಲ್ಲೇ ಬಿಡಿಸಿ, ಒಳಗಿನ ಉಪ್ಪುನೀರು ಚೀಪಿ ತಿನ್ನುತ್ತಿದ್ದರೆ ನೋಡುವುದಕ್ಕೇ ಚೆಂದ. ಮೂರು ಬೀಜದ ಕಾಯಿ ಯಾರಿಗೆ ಸಿಕ್ಕಿತು ಅಂತ ಅದರಲ್ಲೂ ಒಂದು ಪಂದ್ಯ. ಕೋಚ್ ಸರ್ ಒಂದು ಸಿಪ್ಪೆಯೂ ಬಿಡದ ಹಾಗೆ ಮಕ್ಕಳ ಕೈಯಲ್ಲೇ ಹೆಕ್ಕಿಸಿದರು. ಪಾತ್ರೆ ಖಾಲಿಯಾದಾಗ ನನ್ನ ಮಗಳು ಅವರಮ್ಮನ ಹತ್ತಿರ ಹೋಗಿ "ಆಂಟಿ, ಮುಂದಿನ ಸಲಾನೂ ಇದೇ ತನ್ನಿ" ಅಂದಳು. ಅವರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕರು. ಆ ಹುಡುಗಿ ಈಗ ಒಂದು ದಿನವೂ ತಪ್ಪಿಸುವುದಿಲ್ಲ.

ದುಡ್ಡಿನ ಮಾತು ಹಾಗಿರಲಿ, ಮಕ್ಕಳ ಹೊಟ್ಟೆಗೆ ಏನು ಹೋಗುತ್ತಿತ್ತು ಅಂತ ಆಮೇಲೆ ಕೂತು ನೋಡಿದೆ. ನಾನು ಕೊಟ್ಟ ಜ್ಯೂಸ್ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ 100 ಮಿಲಿಗೆ 13 ಗ್ರಾಂ ಸಕ್ಕರೆ ಅಂತ ಇತ್ತು. 250 ಮಿಲಿಗೆ 30 ಗ್ರಾಂ ದಾಟಿತು, ಆರು ಟೀ ಚಮಚಕ್ಕಿಂತ ಜಾಸ್ತಿ. ದೊಡ್ಡವರೇ ಇಡೀ ದಿನಕ್ಕೆ ಇಂಥ ಸಕ್ಕರೆಯನ್ನು 25 ಗ್ರಾಂ ಒಳಗೆ ಇಟ್ಟುಕೊಂಡರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಒಂದೇ ಗುಟುಕಿಗೆ ಮಗುವಿಗೆ ಅದಕ್ಕಿಂತ ಜಾಸ್ತಿ ಕುಡಿಸಿದ್ದೆವು. ಮೇಲೆ ಪಫ್ಸಿನ ಡಾಲ್ಡಾ. ಬುಧವಾರ, ಶನಿವಾರ ನನ್ನ ಮಗಳು ರಾತ್ರಿ ಊಟ ಬೇಡ ಅನ್ನುತ್ತಿದ್ದುದು ಯಾಕೆ ಅಂತ ಆಗ ಅರ್ಥವಾಯಿತು. ಬೆವರು ಸುರಿಸಿ ಓಡಿದ ಮೈಗೆ ಬೇಕಾಗಿದ್ದ ನೀರು, ಉಪ್ಪು, ಕಾಳು ಇದ್ಯಾವುದೂ ಹೋಗುತ್ತಿರಲಿಲ್ಲ.

ಶಾಲೆ ಆವರಣದಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಮಕ್ಕಳಿಗೆ ಮಾರಬಾರದು ಅಂತ 2020ರಲ್ಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಅಂಗಡಿಯವರಿಗೆ ನಿಯಮ ಇದೆ ಸರಿ, ಚೀಲದಲ್ಲಿ ತುಂಬಿಕೊಂಡು ಬರುವ ನಮಗೆ ಯಾರು ಹೇಳಬೇಕು? ನಾವೇ ಹೇಳಿಕೊಳ್ಳಬೇಕು ಅಲ್ವಾ?

ನಾವು ಈಗ ಏನು ಮಾಡುತ್ತಿದ್ದೇವೆ ಅಂತ ಬರೆಯುತ್ತೇನೆ, ಬೇರೆ ತಂಡದವರಿಗೂ ಉಪಯೋಗವಾಗಬಹುದು. ಸ್ಕೂಲಿಂದ ಬಂದ ತಕ್ಷಣ, ಆಟ ಶುರುವಾಗುವ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು. ಇದನ್ನು ಪ್ರತಿ ಮಗು ಮನೆಯಿಂದಲೇ ತರುತ್ತದೆ. ಹೊಟ್ಟೆ ತುಂಬಾ ತಿಂದು ಓಡಬಾರದು, ಖಾಲಿ ಹೊಟ್ಟೆಯಲ್ಲೂ ಓಡಬಾರದು. ಆಟ ಮುಗಿದ ಮೇಲೆ ಪಾಳಿಯ ತಿಂಡಿ. ಹೆಚ್ಚಾಗಿ ಕಡಲೆಕಾಳು ಉಸ್ಲಿ, ಇಲ್ಲ ಹೆಸರುಕಾಳಿನದು. 22 ಮಕ್ಕಳಿಗೆ ಒಂದು ಕೆಜಿ ಕಾಳು ಧಾರಾಳ ಸಾಕು, ನೆನೆದರೆ ಎರಡರಷ್ಟಾಗುತ್ತದೆ. ರಾತ್ರಿ ನೆನೆಹಾಕಿ, ಕುಕ್ಕರಿನಲ್ಲಿ ಉಪ್ಪು ಹಾಕಿ ನಾಲ್ಕು ಕೂಗು ಕೂಗಿಸಿ, ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಒಂದು ಹೋಳು ಕಾಯಿತುರಿ. ಅರ್ಧ ನಿಂಬೆಹಣ್ಣು ಹಿಂಡಿದರೆ ಮಕ್ಕಳು ಇನ್ನೂ ಇಷ್ಟಪಟ್ಟು ತಿನ್ನುತ್ತಾರೆ. ನನ್ನ ಎರಡನೇ ಸರದಿಗೆ ಎಲ್ಲಾ ಸೇರಿ 150 ರೂಪಾಯಿ ದಾಟಲಿಲ್ಲ. ಬೇಸಿಗೆಯಲ್ಲಿ ಉಸ್ಲಿ ಹಳಸುವ ಭಯ ಇರುವುದರಿಂದ ಕಾಯಿ ಹಾಕುವುದಿಲ್ಲ. ಜೊತೆಗೆ ಉಪ್ಪು, ಶುಂಠಿ ಹಾಕಿದ ನೀರುಮಜ್ಜಿಗೆ. ಬೆಳಗ್ಗೆ ಏಳಕ್ಕೇ ಕೆಲಸಕ್ಕೆ ಓಡುವ ತಾಯಂದಿರಿಗೆ ಒಲೆ ಹಚ್ಚುವುದು ಕಷ್ಟ. ಅಂಥವರು ಹುರಿಗಡಲೆ, ಬೆಲ್ಲ ತಂದರೂ ಆಯಿತು, ಸೀಬೆಹಣ್ಣು ತಂದರೂ ಆಯಿತು. ಪ್ರತಿ ಮಗು ತನ್ನದೇ ಸ್ಟೀಲ್ ಡಬ್ಬಿ, ಲೋಟ ತರಬೇಕು, ಹಾಗಾಗಿ ಮೈದಾನದಲ್ಲಿ ಈಗ ಕಸವೂ ಇಲ್ಲ.

ಒಂದು ವಿಷಯ ಮಾತ್ರ ಮರೆಯಬೇಡಿ. ಪಾಳಿ ಶುರು ಮಾಡುವ ಮುಂಚೆ ಯಾವ ಮಗುವಿಗೆ ಏನು ತಿಂದರೆ ಆಗುವುದಿಲ್ಲ ಅಂತ ಪ್ರತಿ ಮನೆಯಲ್ಲೂ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಗುಂಪಿನಲ್ಲಿ ಒಂದು ಮಗುವಿಗೆ ಕಡಲೆಕಾಯಿ ತಿಂದರೆ ಮೈಯೆಲ್ಲಾ ದದ್ದು ಬರುತ್ತದೆ. ಕಡಲೆಕಾಯಿ ಬಂದ ದಿನ ಆ ಮಗುವಿಗೆ ಬೇರೆ ತಿಂಡಿ ಇರುತ್ತದೆ, ಅವಳ ಡಬ್ಬಿಯನ್ನು ಬೇರೆಯವರು ಮುಟ್ಟುವುದಿಲ್ಲ.

ಈಗ ಇಲಾಖೆಯವರಿಗೆ ಹೇಳಬೇಕಾದ ಮಾತು.

ಹೋದ ವರ್ಷ ನನ್ನ ಮಗಳ ಶಾಲೆಯ ತಂಡ ಹೋಬಳಿ ಮಟ್ಟದಲ್ಲಿ ಗೆದ್ದು ತಾಲ್ಲೂಕು ಮಟ್ಟಕ್ಕೆ ಹೋಯಿತು. ಬೆಳಗ್ಗೆ ಏಳೂವರೆಗೆ ಟೆಂಪೋ ಹತ್ತಿದರು. ಇವರ ಪಂದ್ಯ ಕರೆದಿದ್ದು ಮಧ್ಯಾಹ್ನ ಒಂದೂ ಮುಕ್ಕಾಲಿಗೆ. ಇವರು ಆಡುತ್ತಿರುವಾಗಲೇ ಊಟ ಬಡಿಸಿದ್ದಾರೆ. ಮುಗಿಸಿ ಬರುವಷ್ಟರಲ್ಲಿ ಪಾತ್ರೆ ಖಾಲಿ. ಪಾಪ, ಪಿ.ಟಿ. ಮೇಷ್ಟ್ರು ತಮ್ಮ ಜೇಬಿಂದ ಬನ್ನು ಕೊಡಿಸಿದರು. ಅದನ್ನೇ ತಿಂದು ಸಂಜೆ ಇನ್ನೊಂದು ಪಂದ್ಯ ಆಡಿದರು ಮಕ್ಕಳು. ಅಲ್ಲಿದ್ದವರನ್ನು ದೂರಬೇಕು ಅಂತ ಇದನ್ನು ಬರೆಯುತ್ತಿಲ್ಲ, ಅಷ್ಟೊಂದು ಶಾಲೆಗಳ ಮಕ್ಕಳನ್ನು ಒಂದೇ ದಿನ ಸಂಭಾಳಿಸುವುದು ಸುಲಭವಲ್ಲ. ಆದರೆ ಇದಕ್ಕೆ ದಾರಿ ನಮ್ಮ ಹತ್ತಿರವೇ ಇದೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಇದೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣು. ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ಎಲ್ಲರ ಹತ್ತಿರ ಹೇಳುತ್ತೇನೆ. ಆದರೆ ಶಾಲೆಯ ಪರವಾಗಿ ಆಡಲು ಹೊರಗೆ ಹೋದ ದಿನ, ಅಂದರೆ ಮೈಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ದಿನ, ಇದ್ಯಾವುದೂ ನಮ್ಮ ಮಕ್ಕಳ ಕೈಗೆ ಸಿಗಲಿಲ್ಲ. ಕ್ಲಾಸಿನಲ್ಲಿ ಕೂತ ಮಗುವಿಗೆ ಮೊಟ್ಟೆ ಸಿಕ್ಕಿತು, ಬಿಸಿಲಲ್ಲಿ ಓಡಿದ ಮಗುವಿಗೆ ಬನ್ನು.

ನಾನು ಕೇಳುವುದು ಇಷ್ಟೇ. ಪಂದ್ಯಕ್ಕೆ ಹೋಗುವ ಮಕ್ಕಳ ಪಾಲಿನ ಬೇಯಿಸಿದ ಮೊಟ್ಟೆ ಅಥವಾ ಬಾಳೆಹಣ್ಣನ್ನು ಬೆಳಗ್ಗೆಯೇ ಡಬ್ಬಿಗೆ ಹಾಕಿ ಮೇಷ್ಟ್ರ ಕೈಗೆ ಕೊಟ್ಟು ಕಳಿಸಲಿ. ಹೊಸ ಯೋಜನೆ ಬೇಡ, ಹೊಸ ದುಡ್ಡೂ ಬೇಡ, ಅದು ಆ ಮಕ್ಕಳ ಲೆಕ್ಕದಲ್ಲೇ ಇರುವುದು. ಬೆಳಗ್ಗೆ ಬೇಗ ಹೊರಡುವ ದಿನ ಅಡುಗೆ ಸಿಬ್ಬಂದಿಗೆ ತೊಂದರೆಯಾದರೆ ಬರೀ ಹಣ್ಣಾದರೂ ಸಾಕು. ಪಂದ್ಯದ ಜಾಗದಲ್ಲಿ ಕುಡಿಯುವ ನೀರಿನ ಡ್ರಮ್ಮು ಅಂಕಣದ ಪಕ್ಕದಲ್ಲೇ ಇರಲಿ, ವೇದಿಕೆಯ ಹಿಂದೆ ಅಲ್ಲ. ಆಡುತ್ತಿರುವ ತಂಡಕ್ಕೆ ಊಟ ಎತ್ತಿಟ್ಟು ಆಮೇಲೆ ಉಳಿದವರಿಗೆ ಬಡಿಸಲಿ. ಊಟದ ಉಸ್ತುವಾರಿಗೆ ನಮ್ಮಂಥ ತಾಯಂದಿರು ನಾಲ್ಕು ಜನ ಬೇಕು ಅಂದರೆ ಬರುತ್ತೇವೆ, ಬಡಿಸುತ್ತೇವೆ.

ಹೋಬಳಿ ಮಟ್ಟದ ಪಂದ್ಯಗಳು ಇನ್ನೇನು ಶುರುವಾಗುತ್ತವೆ. ಅದಕ್ಕಿಂತ ಮುಂಚೆ ಶಾಲೆಗಳಿಗೆ ಹೀಗೊಂದು ಸುತ್ತೋಲೆ ಹೋಗಲಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಕೊಕ್ಕೊ ಆಡುವ ಹುಡುಗಿಯ ತಾಯಿ, ಮೈಸೂರು