ಸರ್ವರ್ ಪಕ್ಕದಲ್ಲೇ ಬ್ಯಾಕಪ್ ಬೇಡ

ಮಾನ್ಯರೇ,

ದಾವಣಗೆರೆಯ ಎಷ್ಟೋ ದಲಾಲಿ ಮಂಡಿ, ಅಕ್ಕಿ ಗಿರಣಿಗಳ ಟ್ಯಾಲಿ ತಂತ್ರಾಂಶದ ಲೆಕ್ಕವೆಲ್ಲ ಗಲ್ಲಾಪೆಟ್ಟಿಗೆ ಹಿಂದಿನ ಒಂದೇ ಸರ್ವರ್‌ನಲ್ಲಿರುತ್ತದೆ. ದೂಳು ಫ್ಯಾನು, ಬಿಸಿ ಹೊರಹಾಕುವ ಹೀಟ್‌ಸಿಂಕ್‌ಗೆ ಮೆತ್ತಿಕೊಂಡು ಯಂತ್ರ ಬಿಸಿಯೇರುತ್ತದೆ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿ ಹಿತ. ಅದರ ಮೇಲೆ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಎಸಿ ಇಲ್ಲದ ಕೋಣೆಗೆ ಅದು ಮಾಮೂಲು. ಕರೆಂಟ್ ಹೋದಾಗ ಬ್ಯಾಟರಿ ಕೈಕೊಟ್ಟರೆ, ಆಗ ಬರೆಯುತ್ತಿದ್ದ ಫೈಲ್ ಕೆಡಬಹುದು.

ಎರಡು ಡಿಸ್ಕ್‌ಗೂ ಒಂದೇ ಮಾಹಿತಿ ಒಟ್ಟಿಗೇ ಬರೆಯುವ ರೇಡ್ ವ್ಯವಸ್ಥೆ ಇದೆ ಎಂಬ ಧೈರ್ಯ ಸಾಲದು. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಸದಾ ಸಿಕ್ಕಿಸಿಟ್ಟ ಯುಎಸ್‌ಬಿ ಡಿಸ್ಕನ್ನೂ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ. ಬ್ಯಾಕಪ್‌ಗೆ ಎರಡು ಡಿಸ್ಕ್ ಸರದಿಯಲ್ಲಿಟ್ಟು ಒಂದನ್ನು ಮನೆಗೊಯ್ಯಿರಿ. ಮತ್ತೊಂದು ಪ್ರತಿ ಕ್ಲೌಡ್‌ನಲ್ಲಿರಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ಆ ಪ್ರತಿಯನ್ನು ರಿಸ್ಟೋರ್ ಮಾಡಿ (ಮರಳಿ ತುಂಬಿ), ಕೊನೆಯ ವೋಚರ್ ತೆರೆದು ನೋಡಿ.

— ಓದುಗ, ದಾವಣಗೆರೆ