ಟೇಕಡಿಯ ಮೇಲೆ ನಕ್ಷೆ ಹಿಡಿದು: ಪುಣೆಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನೀ ಕೇಳಿದ್ದು ಒಂದೇ ಮಾತು: "ಓಡೋದಷ್ಟೇ ಸಾಲೋದಿಲ್ಲೇನು, ಕೈಯಾಗ ನಕ್ಷೆ ಯಾಕ ಬೇಕು?" ಫೋನಿನಲ್ಲಿ ನಾ ಕೊಟ್ಟ ಉತ್ತರದಿಂದ ನನಗೇ ಸಮಾಧಾನ ಆಗಲಿಲ್ಲ. ನನ್ನ ವಾರ ಹೇಗೆ ಸಾಗುತ್ತದೆ ಅಂತ ಬರೆದರೆ ನಿನಗೆ ಸರಿಯಾಗಿ ತಿಳಿದೀತು ಅನ್ನಿಸಿತು. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಇಲ್ಲಿ ಪುಣೆಯಲ್ಲಿ ನಮ್ಮ ಕಡೆಯ ಹುಡುಗರು, ಹೆಣ್ಣುಮಕ್ಕಳು ಬೆಳಗಾಗುವ ಮುಂಚೆ ಟೇಕಡಿ (ಇಲ್ಲಿ ಗುಡ್ಡಕ್ಕೆ ಹಾಗನ್ನುತ್ತಾರೆ) ಹತ್ತುವವರು ಬಹಳ ಮಂದಿ ಇದ್ದಾರೆ, ಅವರಿಗೂ ಉಪಯೋಗಕ್ಕೆ ಬರಲಿ.

ಮೊದಲು ನಾ ಆಡುವ ಆಟದ ವಿಷಯ. ಓರಿಯಂಟಿಯರಿಂಗ್ ಅಂದರೆ ನಕ್ಷೆ, ದಿಕ್ಸೂಚಿ ಹಿಡಿದು ಓಡುವ ಆಟ. ಅದರಲ್ಲಿ ಓಡುವ ದಾರಿಯನ್ನು ಯಾರೂ ಗುರುತು ಹಾಕಿ ಕೊಟ್ಟಿರುವುದಿಲ್ಲ. ಹೊರಡುವ ಹೊತ್ತಿಗೆ ಕೈಗೆ ನಕ್ಷೆ ಬರುತ್ತದೆ. ಅದರ ಮೇಲೆ ನೇರಳೆ ಬಣ್ಣದ ತ್ರಿಕೋನ ಇದ್ದಲ್ಲಿ ಶುರು, ಅಂಕಿ ಬರೆದ ವೃತ್ತಗಳು ಇದ್ದಲ್ಲಿ ಕಂಟ್ರೋಲ್‌ಗಳು (ಮುಟ್ಟಿ ಬರಬೇಕಾದ ಜಾಗಗಳು), ಒಂದರೊಳಗೊಂದು ಎರಡು ವೃತ್ತ ಇದ್ದಲ್ಲಿ ಮುಕ್ತಾಯ. ಪ್ರತಿ ವೃತ್ತದ ನಟ್ಟನಡುವಿನ ಜಾಗದಲ್ಲಿ ಕೇಸರಿ-ಬಿಳಿ ಬಾವುಟ ತೂಗಿಬಿಟ್ಟಿರುತ್ತಾರೆ. ಅಂಕಿಯ ಕ್ರಮದಲ್ಲಿ ಎಲ್ಲವನ್ನೂ ಮುಟ್ಟಿ ಬರಬೇಕು. ಒಂದರಿಂದ ಇನ್ನೊಂದಕ್ಕೆ ಯಾವ ದಾರಿ ಹಿಡಿಯಬೇಕು ಅನ್ನುವುದು ಪೂರ್ತಿ ನಿನ್ನ ನಿರ್ಧಾರ. ಗಡಿಯಾರದೊಳಗಿನ ನಕ್ಷೆ ನೋಡುವ ಹಾಗಿಲ್ಲ. ಸ್ವೀಡನ್ನಿನ ಸೈನಿಕರ ತರಬೇತಿಯಲ್ಲಿ ಹುಟ್ಟಿದ ಈ ಆಟದ ಮೊದಲ ಸಾರ್ವಜನಿಕ ಸ್ಪರ್ಧೆ ನಡೆದದ್ದು 1897ರಲ್ಲಿ, ನಾರ್ವೆಯಲ್ಲಿ. 1919ರಲ್ಲಿ ಎರ್ನ್ಸ್ಟ್ ಕಿಲಾಂಡರ್ ಅನ್ನುವವರು ಸ್ಟಾಕ್‌ಹೋಮ್ ಹತ್ತಿರ ದೊಡ್ಡ ಸ್ಪರ್ಧೆ ಏರ್ಪಡಿಸಿದರು. ಹರೆಯದ ಹುಡುಗರಿಗೆ ಟ್ರ್ಯಾಕಿನ ಓಟ ಬೇಸರ ಬರುತ್ತಿದೆ, ಅವರನ್ನು ಕಾಡಿಗೆ ಕರೆದೊಯ್ಯೋಣ ಅನ್ನುವುದು ಅವರ ಕಾಳಜಿಯಾಗಿತ್ತು. ಧಾರವಾಡದ ಯುನಿವರ್ಸಿಟಿ ರಸ್ತೆಯಲ್ಲಿ ಅದೇ ಸುತ್ತು ಹಾಕಿ ಹಾಕಿ ನಿನಗೂ ಬೇಸರ ಬಂದಿದೆ ಅಂದಿಯಲ್ಲ, ನೂರು ವರ್ಷದ ಹಿಂದೆ ಅಲ್ಲಿಯೂ ಇದೇ ತೊಂದರೆ ಇತ್ತು ನೋಡು.

ಈಗ ನಾ ಹೇಳಬೇಕಾದ ಮುಖ್ಯ ಮಾತು. ಈ ಆಟದಲ್ಲಿ ಕಾಲಿನ ವೇಗ ಎಷ್ಟೇ ಇರಲಿ, ನಕ್ಷೆ ಓದಿಕೊಂಡು ಹೋಗಲು ಸಾಧ್ಯವಾಗುವ ವೇಗ ಎಷ್ಟೋ ಅಷ್ಟೇ ಲೆಕ್ಕಕ್ಕೆ ಬರುತ್ತದೆ. ಏದುಸಿರು ಹತ್ತಿದ ಮೇಲೆ ತಲೆ ಮಂಕಾಗುತ್ತದೆ, ಎಡ-ಬಲದ ಅರಿವು ಕೂಡ ಜಾರುತ್ತದೆ. ನನ್ನ ವಾರದ ತಯಾರಿಯೆಲ್ಲ ಈ ಒಂದು ವೇಗವನ್ನು ಎತ್ತರಿಸುವುದಕ್ಕಾಗಿ. ಟ್ರೇಲ್ ಓಟವೂ (ಗುಡ್ಡದ ಕಾಲುದಾರಿಯ ಓಟ) ಅದಕ್ಕೇ, ಈಜು-ಸೈಕಲ್ಲುಗಳೂ ಅದಕ್ಕೇ.

ನಮ್ಮ ಮೈದಾನ ವೇತಾಳ ಟೇಕಡಿ. ಪುಣೆ ಊರೊಳಗಿನ ಅತಿ ಎತ್ತರದ ಜಾಗ ಅದು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಲಾ ಕಾಲೇಜಿನ ಹಿಂದಿನಿಂದ ಹತ್ತಬಹುದು, ಪಂಚವಟಿಯಿಂದ, ಕೋಥ್ರೂಡ್ ಕಡೆಯಿಂದ, ಗೋಖಲೆನಗರದಿಂದಲೂ ಹತ್ತಬಹುದು. ಮೇಲೆ ವೇತಾಳನ ಗುಡಿ, ನೀರು ತುಂಬಿದ ಹಳೆಯ ಕಲ್ಲುಗಣಿ, ನವಿಲುಗಳು. ಇದರ ನಕ್ಷೆಯನ್ನು ನಾವೇ ಕೆಲವರು ಸೇರಿ ಮಾಡಿಕೊಂಡಿದ್ದೇವೆ. ಓಪನ್ ಓರಿಯಂಟಿಯರಿಂಗ್ ಮ್ಯಾಪರ್ ಅಂತ ಒಂದು ತಂತ್ರಾಂಶ ಇದೆ, ದುಡ್ಡು ಕೊಡಬೇಕಿಲ್ಲ. ಕಾಂಟೂರ್ ಗೆರೆಗಳಿಗೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿಗೆ, 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎತ್ತರದ ಮಾಹಿತಿ ಉಚಿತವಾಗಿ ಸಿಗುತ್ತದೆ. ಆದರೆ ಅದರಲ್ಲಿ ಸುಮಾರು ಮೂವತ್ತು ಮೀಟರಿಗೊಂದು ಅಳತೆ. ಹಾಗಾಗಿ ಗಣಿಯ ಅಂಚು, ಸಣ್ಣ ಕೊರಕಲು, ಮನುಷ್ಯನೆತ್ತರದ ಬಂಡೆ ಒಂದೂ ಕಾಣುವುದಿಲ್ಲ. ಅವನ್ನೆಲ್ಲ ಹೆಜ್ಜೆ ಎಣಿಸಿ, ದಿಕ್ಸೂಚಿ ಹಿಡಿದು, ನಾವೇ ಕೂಡಿಸಬೇಕು. ಬಲಗಾಲು ನೆಲ ಮುಟ್ಟಿದಾಗಲೆಲ್ಲ ಒಂದು ಅಂತ ಎಣಿಸುವುದು. ನೂರು ಮೀಟರಿಗೆ ನಿನ್ನ ಎಣಿಕೆ ಎಷ್ಟು ಅಂತ ಸಮತಟ್ಟಿನಲ್ಲಿ, ಏರಿನಲ್ಲಿ, ಇಳಿಜಾರಿನಲ್ಲಿ ಬೇರೆ ಬೇರೆ ಗೊತ್ತಿರಬೇಕು. ಈ ಕೆಲಸ ಮಾಡುವಾಗ ಆಗುವಷ್ಟು ಸಂತೋಷ ನನಗೆ ಓಡುವಾಗಲೂ ಆಗುವುದಿಲ್ಲ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದ ಒಂದು ಗುಡ್ಡವನ್ನು ಅಂಗುಲ ಅಂಗುಲವಾಗಿ ಪರಿಚಯ ಮಾಡಿಕೊಳ್ಳುವುದು ಎಂಥ ಸುಖ ಅಂತೀ!

ನಕ್ಷೆಯ ಬಣ್ಣಗಳಲ್ಲಿ ಒಂದು ವಿಶೇಷ ಇದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬಿಳಿ ಬಣ್ಣ ಅಂದರೆ ಸಲೀಸಾಗಿ ಓಡಬಹುದಾದ ಕಾಡು. ತಿಳಿಹಸಿರು ಇದ್ದಲ್ಲಿ ವೇಗ ಶೇ. 60-80ರಷ್ಟಕ್ಕೆ ಇಳಿಯುತ್ತದೆ, ಅದಕ್ಕಿಂತ ಗಾಢವಾದರೆ ಶೇ. 20ರಿಂದ 60, ಕಡುಹಸಿರಾದರೆ ಶೇ. 20ಕ್ಕೂ ಕಡಿಮೆ. ಹಳದಿ ಅಂದರೆ ಬಯಲು. ಈ ಪದ್ಧತಿ ಉತ್ತರ ಯುರೋಪಿನ ಕಾಡುಗಳಲ್ಲಿ ಬೆಳೆದು ಬಂದದ್ದು. ನಮ್ಮ ಟೇಕಡಿಯಲ್ಲಿ ಬೇಸಿಗೆಯಲ್ಲಿ ಹಳದಿ ಬಳಿದ ಬಯಲು ಶ್ರಾವಣ ಕಳೆಯುವ ಹೊತ್ತಿಗೆ ಎದೆಮಟ್ಟದ ಹುಲ್ಲಾಗಿರುತ್ತದೆ. ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಟ್ಟ ಇಳಿಜಾರುಗಳು ಎಲೆ ಉದುರಿದ ಕಾಲದಲ್ಲಿ ಬಿಳಿ, ಮಳೆಗಾಲದಲ್ಲಿ ಲಂಟಾನದ ಜೊತೆ ಸೇರಿ ಕಡುಹಸಿರು. ಹಾಗಾಗಿ ನಾವು ಮಳೆಗಾಲಕ್ಕೊಂದು, ಬೇಸಿಗೆಗೊಂದು ನಕ್ಷೆ ಇಟ್ಟಿದ್ದೇವೆ. ಈಗ, ಮಳೆ ಹಿಂದೆ ಸರಿಯುವ ದಿನಗಳಲ್ಲಿ, ಹುಲ್ಲಿನೊಳಗೆ ಅಡ್ಡ ಹಾಯುವುದನ್ನು ನಾನಂತೂ ಯಾರಿಗೂ ಬಿಡುವುದಿಲ್ಲ. ಕೊಳಕುಮಂಡಲ ಇರುವ ನೆಲ ಇದು, ಕಾಲಿಡುವ ಜಾಗ ಕಣ್ಣಿಗೆ ಕಾಣಲೇಬೇಕು. ಕಂಟ್ರೋಲ್‌ಗಳನ್ನೆಲ್ಲ ಕಾಲುದಾರಿಯ ಅಂಚಿಗೇ ಇಡುತ್ತೇವೆ, ಮುಗಿದ ಮೇಲೆ ಒಂದು ದಾರವೂ ಉಳಿಯದ ಹಾಗೆ ಬಿಚ್ಚಿ ತರುತ್ತೇವೆ.

ಮಂಗಳವಾರ ಏರುದಾರಿಯ ಓಟ, ಬುಧವಾರ ಈಜು. ಅವುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಈಜಿನಲ್ಲಿ ಕೀಲುಗಳ ಮೇಲೆ ಭಾರ ಬೀಳುವುದಿಲ್ಲ, ಉಸಿರಿಗೆ ಮಾತ್ರ ಕೆಲಸ. ನಿನ್ನ ಮೊಣಕಾಲಿನ ನೋವಿಗೆ ನಾ ಮೊದಲು ಹೇಳುವುದೂ ಇದನ್ನೇ: ಒಂದೆರಡು ದಿನದ ರಸ್ತೆ ಓಟ ಕಡಿಮೆ ಮಾಡಿ ನೀರಿಗೆ ಇಳಿ. ನೋವು ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸು, ಮುಂದೂಡಬೇಡ.

ಗುರುವಾರ ನನಗೆ ಬಹಳ ಮೆಚ್ಚಿನ ದಿನ. ಜಿಮ್ಮಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಇದೆಯಲ್ಲ, ಅದರ ಹಿಡಿಕೆಯ ಮೇಲೆ ನಕ್ಷೆ ಇಟ್ಟುಕೊಂಡು ಮಾತಾಡಲು ಆಗದಷ್ಟು ಜೋರಾಗಿ ತುಳಿಯುತ್ತೇನೆ. ಮೂರರಿಂದ ನಾಲ್ಕನೇ ಕಂಟ್ರೋಲಿಗೆ ಹೇಗೆ ಹೋಗಲಿ? ಎಡಗಡೆ ಏನು ಕಾಣಬೇಕು? ಯಾವ ಗುರುತು ಸಿಕ್ಕರೆ ದಾಟಿ ಮುಂದೆ ಬಂದೆ ಅಂತ ತಿಳಿಯಬೇಕು? ಇದನ್ನೆಲ್ಲ ತುಳಿಯುತ್ತಲೇ ಯೋಚಿಸಿ, ನಕ್ಷೆ ಮಗುಚಿಟ್ಟು, ಮನಸ್ಸಿನಲ್ಲೇ ಆ ದಾರಿ ಓಡಬೇಕು. ಹೀಗೆ ಅಭ್ಯಾಸ ಮಾಡಿದ ಮೇಲೆ ಗುಡ್ಡದಲ್ಲಿ ಎದೆ ಡವಗುಟ್ಟುವಾಗಲೂ ಗೆರೆಗಳು ಗೆರೆಗಳಾಗಿಯೇ ಕಾಣುತ್ತವೆ.

ದಾರಿ ಆರಿಸುವ ಲೆಕ್ಕಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ನಿನಗೆ ಗಣಿತ ಇಷ್ಟ. ಎರಡು ಕಂಟ್ರೋಲ್‌ಗಳ ನಡುವೆ ನೇರವಾಗಿ 600 ಮೀಟರ್ ಅಂದುಕೋ, ಆದರೆ ನಡುವೆ ದಿಣ್ಣೆ. ಐದು ಮೀಟರಿಗೊಂದು ಕಾಂಟೂರ್ ಗೆರೆ ಇರುವ ನಕ್ಷೆಯಲ್ಲಿ ಹನ್ನೆರಡು ಗೆರೆ ಏರಬೇಕು, ಅಂದರೆ 60 ಮೀಟರ್. ಬಳಸಿಕೊಂಡು ಹೋದರೆ 900 ಮೀಟರ್, ಏರು ಇಲ್ಲ. 1892ರಲ್ಲಿ ವಿಲಿಯಂ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟರು: ಮೂರು ಮೈಲಿ ನಡಿಗೆಗೆ ಒಂದು ಗಂಟೆ, ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಇದನ್ನು ಬಿಡಿಸಿ ನೋಡಿದರೆ ಒಂದು ಮೀಟರ್ ಏರು ಹೆಚ್ಚುಕಡಿಮೆ ಎಂಟು ಮೀಟರ್ ಸಮತಟ್ಟಿಗೆ ಸಮ. ಹಾಗಾದರೆ ನೇರ ದಾರಿ 600ಕ್ಕೆ 480 ಕೂಡಿಸಿ 1080 ಆಯಿತು. ಬಳಸುದಾರಿಯೇ ಹತ್ತಿರ! ಓಡುತ್ತ ಓಡುತ್ತ ಈ ಲೆಕ್ಕವನ್ನು ಕ್ಷಣದಲ್ಲಿ ಮಾಡುವುದಿದೆಯಲ್ಲ, ರಸ್ತೆಯ ಮ್ಯಾರಥಾನಿನಲ್ಲಿ ಆ ಆನಂದ ನನಗೆ ಎಂದೂ ಸಿಕ್ಕಿಲ್ಲ.

ಕಾಲಿನ ವ್ಯಾಯಾಮ ಶುಕ್ರವಾರ. ಒಂಟಿಕಾಲಿನ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಮೆಟ್ಟಿಲಿನ ಅಂಚಿನಲ್ಲಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಎತ್ತರದ ಮಣೆಯಿಂದ ಒಂದು ಕಾಲು ತಡೆದು ತಡೆದು ಇಳಿಯುವುದು. ಇಳಿಜಾರಿನ ಓಟದಲ್ಲಿ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಅದಕ್ಕೇ ಗುಡ್ಡ ಇಳಿದ ಮಾರನೆಯ ದಿನ, ಅದರ ಮರುದಿನವೂ, ಮೆಟ್ಟಿಲು ಇಳಿಯಲಾಗದಷ್ಟು ನೋವು. ಒಳ್ಳೆಯ ಸುದ್ದಿ ಏನೆಂದರೆ ಒಮ್ಮೆ ಇಂಥ ಶ್ರಮ ಕಂಡ ಸ್ನಾಯು ಕೆಲವು ವಾರಗಳವರೆಗೆ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಅಷ್ಟು ನೋಯುವುದಿಲ್ಲ. ಏರುವುದನ್ನೇ ಅಭ್ಯಾಸ ಮಾಡುವವರು ಬಹಳ. ನಾ ಹೇಳುವುದು, ಇಳಿಯುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿ.

ಭಾನುವಾರ ಉದ್ದ ಓಟ. ಈ ವಾರ ಕಾತ್ರಜದ ಹಳೆಯ ಸುರಂಗದ ಮೇಲಿಂದ ಸಿಂಹಗಡದ ಕಡೆಗೆ ಹೋದೆವು. ಸಾಲಾಗಿ ಗುಡ್ಡಗಳು, ಹದಿಮೂರು ಅಂತ ಲೆಕ್ಕ ಹೇಳುತ್ತಾರೆ, ಒಟ್ಟು ಹದಿನಾರು ಕಿಲೋಮೀಟರ್ ಆಸುಪಾಸು. ಹುಣ್ಣಿಮೆಯ ರಾತ್ರಿ ಹೋಗುವವರೇ ಹೆಚ್ಚು, ನಾವು ನಸುಕಿನಲ್ಲಿ ಹೊರಟೆವು. ಒಂದು ಗುಡ್ಡ ಹತ್ತಿ ನಿಂತರೆ ಮುಂದಿನದು ಕಾಣುತ್ತದೆ, ನಡುವೆ ತಗ್ಗಿಗೆ ಇಳಿಯಲೇಬೇಕು, ಇಳಿಯುವ ಕಡೆಯೆಲ್ಲ ಜಾರುವ ಗರಸು. ಇಲ್ಲಿ ನಕ್ಷೆ ಓದುವುದು ಅಂದರೆ ಗೆರೆಗಳನ್ನು ಓದುವುದಷ್ಟೇ, ಮರ ಇಲ್ಲ, ಕಟ್ಟಡ ಇಲ್ಲ. ಒಂದು ಏಣು ತಪ್ಪಿ ಪಕ್ಕದ ಏಣಿನಲ್ಲಿ ಇಳಿದರೆ ಬೇರೆಯೇ ಹಳ್ಳಿಯಲ್ಲಿ ಇರುತ್ತೀ. ಅದಕ್ಕಾಗಿ ಹೆಬ್ಬೆರಳನ್ನು ನಕ್ಷೆಯ ಮೇಲೆ ನಾವಿರುವ ಜಾಗದಲ್ಲೇ ಒತ್ತಿಟ್ಟುಕೊಂಡು, ಮುಂದೆ ಹೋದ ಹಾಗೆ ಅದನ್ನೂ ಸರಿಸುತ್ತ ಹೋಗಬೇಕು. ನಕ್ಷೆ ಯಾವಾಗಲೂ ಉತ್ತರಕ್ಕೆ ತಿರುಗಿಯೇ ಇರಬೇಕು, ನಾವು ಯಾವ ಕಡೆ ತಿರುಗಿದರೂ. ನಮ್ಮ ಭಾಗದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ತೀರಾ ಕಡಿಮೆ, ಇದು ನಮ್ಮ ಪುಣ್ಯ.

ಜೇಬಿನಲ್ಲಿ ಅವ್ವ ಕಳಿಸಿದ ಶೇಂಗಾ ಉಂಡಿ ಇತ್ತು. ಸಿಂಹಗಡ ಸುಮಾರು 1300 ಮೀಟರ್ ಎತ್ತರ, ಕಡೆಯ ಏರು ಕಾಲಿನ ಕಸುವನ್ನೆಲ್ಲ ಕೇಳುತ್ತದೆ. 1670ರ ಫೆಬ್ರವರಿಯಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಕತ್ತಲಲ್ಲಿ ಹತ್ತಿ ಹೋರಾಡಿ ಪ್ರಾಣ ಬಿಟ್ಟ ಕೋಟೆ ಇದೇ. ಮೇಲೆ ಹಳ್ಳಿಯ ಬಾಯಂದಿರು ಪಿಠಲ, ಜೋಳದ ರೊಟ್ಟಿ, ಠೇಚಾ, ಮಣ್ಣಿನ ಕುಡಿಕೆಯಲ್ಲಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಉಪ್ಪು ಹಾಕಿದ ಮಜ್ಜಿಗೆ ಗಟಗಟ ಕುಡಿದಾಗ ಬೆವರಲ್ಲಿ ಹೋದದ್ದೆಲ್ಲ ಮರಳಿ ಬಂದ ಹಾಗೆ ಅನ್ನಿಸುತ್ತದೆ. ನಿನ್ನ ನೆನಪಾಗಿ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಒಂದು ಚಿಂತೆಯನ್ನೂ ಬರೆಯಬೇಕು. ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ವೇತಾಳ ಟೇಕಡಿಯನ್ನು ಹಾಯುವ ರಸ್ತೆ ಮಾಡಬೇಕೆಂಬ ಯೋಜನೆ ಬಹಳ ಕಾಲದಿಂದ ಇದೆ. 2023ರಲ್ಲಿ ಊರಿನ ಜನ ಬೀದಿಗಿಳಿದು ಅದನ್ನು ವಿರೋಧಿಸಿದರು. ವಾಹನದ ದಟ್ಟಣೆ ನಿಜ, ನಾನೂ ದಿನಾ ಅದರಲ್ಲೇ ಸಿಕ್ಕಿಕೊಳ್ಳುವವನು. ಆದರೂ ಈ ಗುಡ್ಡ ಇದ್ದ ಹಾಗೇ ಉಳಿಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಒಂದೊಂದು ಕೊರಕಲಿನಲ್ಲಿ ಮಳೆನೀರು ಯಾವ ಕಡೆ ಹರಿಯುತ್ತದೆ ಅಂತ ಹೆಜ್ಜೆಯಿಂದ ಅಳೆದು ಬರೆದವರಿಗೆ ಅದರ ಮೇಲೆ ಟಾರು ಬೀಳುವುದನ್ನು ಒಪ್ಪಲು ಆಗುವುದಿಲ್ಲ.

ಧಾರವಾಡದಲ್ಲಿ ಇದೆಲ್ಲ ಹೇಗೆ ಅಂತ ಕೇಳಿದಿ. ಏನೂ ಕಷ್ಟವಿಲ್ಲ. ಕರ್ನಾಟಕ ಯುನಿವರ್ಸಿಟಿಯ ಆವರಣ ಶುರು ಮಾಡುವುದಕ್ಕೆ ಬಹಳ ಚೆನ್ನಾಗಿದೆ: ರಸ್ತೆ ಇದೆ, ಕಾಲುದಾರಿ ಇದೆ, ಏರಿಳಿತ ಇದೆ, ಹಾದಿ ಮರೆತರೂ ಐದು ನಿಮಿಷದಲ್ಲಿ ಒಂದು ಕಟ್ಟಡ ಸಿಗುತ್ತದೆ. ಮೊದಲು ನಡೆದೇ ಮಾಡು. ಒಂದು ಉದ್ದನೆಯ ಗುರುತು ಹಿಡಿದು, ಅಂದರೆ ಕಂಪೌಂಡು ಗೋಡೆ, ಗಟಾರು, ದಾರಿಯಂಥದ್ದು, ಅದರ ಪಕ್ಕವೇ ಹೋಗಿ, ಕಂಟ್ರೋಲಿಗೆ ಹತ್ತಿರದ ಒಂದು ದೊಡ್ಡ ಗುರುತು ಮುಟ್ಟಿ, ಅಲ್ಲಿಂದ ದಿಕ್ಸೂಚಿ ಹಿಡಿದು ಒಳಗೆ ಹೋಗು. ಅದಾದ ಮೇಲೆ ಕೆಲಗೇರಿ ಕೆರೆಯ ಸುತ್ತ ನೋಡೋಣ. ನಿನ್ನ ಮಗಳನ್ನೂ ಕರೆದುಕೊಂಡು ಹೋಗು, ನಿಧಿ ಹುಡುಕುವ ಆಟ ಅಂತ ಹೇಳು, ನಿನಗಿಂತ ಬೇಗ ಕಲಿಯುತ್ತಾಳೆ. ನಕ್ಷೆಗೆ ಬೇಕಾದ ಕಡತ ನಾನು ಮಾಡಿ ಕಳಿಸುತ್ತೇನೆ.

ದೀಪಾವಳಿ ಮುಗಿಸಿ ಇಲ್ಲಿಗೆ ಬಾ. ಅಷ್ಟೊತ್ತಿಗೆ ಹುಲ್ಲು ಬಾಗಿರುತ್ತದೆ, ಬೆಳಗಿನ ಚಳಿ ಓಟಕ್ಕೆ ಹದವಾಗಿರುತ್ತದೆ. ರಾತ್ರಿಯ ರೈಲು ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀ. ರಸ್ತೆಯ ಬೂಟು ಬೇಡ, ಅಡಿಯಲ್ಲಿ ಹಲ್ಲಿರುವ ಟ್ರೇಲ್ ಬೂಟು ತಾ, ಉದ್ದ ಕಾಲುಚೀಲ ಇರಲಿ. ದಿಕ್ಸೂಚಿ ನನ್ನ ಹತ್ತಿರ ಎರಡು ಇವೆ. ವೈನಿಗೆ, ಕಾಕಾ-ಕಾಕುಗೆ ನನ್ನ ನಮಸ್ಕಾರ ಹೇಳು. ಟಿಕೆಟ್ ತೆಗೆಸಿದ ಕೂಡಲೇ ತಿಳಿಸು. ನಿನಗೆಂದು ಬೇರೆಯದೇ ಒಂದು ಕೋರ್ಸು (ಕಂಟ್ರೋಲ್‌ಗಳ ಸಾಲು) ಹಾಕಿ ಮುದ್ರಿಸಿ ಇಡಬೇಕು, ಅದಕ್ಕೆ ಒಂದು ವಾರವಾದರೂ ಬೇಕು.

ನಿನ್ನ ದೋಸ್ತ,
ಪುಣೆಯಿಂದ