ವೇಲು ಬಿಟ್ಟು ಹೋದ ಅಕ್ಕಾರಿಗೆ

ಕಳೆದ ಶನಿವಾರ ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮವ್ವ ಅಂಗಡಿ ಮೆಟ್ಟಿಲು ತಪ್ಪಿ ಬಿದ್ದಳು. ಬಲಗಾಲಿನ ಹರಡು ನೋಡನೋಡುತ್ತಲೇ ಊದಿಕೊಂಡಿತು. "ಉಳುಕೇತಿ, ಎಣ್ಣಿ ಹಚ್ಚಿ ತಿಕ್ಕ್ರಿ" ಅಂದರು ಸುತ್ತಲಿದ್ದವರು. ನಾನೂ ಕೈ ಹಾಕಿದ್ದೆ.

"ತಮ್ಮಾ, ತಿಕ್ಕಬ್ಯಾಡ" ಎನ್ನುತ್ತ ನೀವು ನೆಲದ ಮೇಲೇ ಕೂತಿರಿ. ನರ್ಸ್ ಅಂತೆ, ಡ್ಯೂಟಿ ಮುಗಿಸಿ ಕಾಯಿಪಲ್ಲೆಗೆ ಬಂದಿದ್ದಿರಂತೆ. "ಯವ್ವಾ, ನಾಕ್ ಹೆಜ್ಜಿ ಇಡಾಕ ಆಗ್ತೈತೇನ?" ಅವ್ವನಿಗೆ ಒಂದೂ ಆಗಲಿಲ್ಲ. ಹರಡಿನ ಎಲುಬಿನ ಹಿಂಬದಿಗೆ ಮೆಲ್ಲಗೆ ಬೆರಳು ಒತ್ತಿದಿರಿ, ಚೀರಿದಳು. "ಹಂಗಾರ ಎಕ್ಸ್‌ರೇ ಆಗಬೇಕು."

ಬೆರಳೂ ಊದಿದರೆ ಬರುವುದಿಲ್ಲವೆಂದು ಕಾಲುಂಗುರ ಬಿಡಿಸಿ ನನ್ನ ಕೈಗಿಟ್ಟಿರಿ. ರಕ್ತ ಓಡುತ್ತಿದೆಯೇ ಎಂದು ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು, ಕೆಂಪು ಮರಳುವುದನ್ನು ನೋಡಿದಿರಿ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಒಂದು ಗಳಿಗೆಯೂ ತಡ ಬೇಡ ಎಂದಿರಿ. ರಟ್ಟಿನ ಪೆಟ್ಟಿಗೆ ಹರಿದು ಕಾಲಿಗೆ ಆನಿಸಿ, ನಿಮ್ಮದೇ ವೇಲಿನಿಂದ ಕಟ್ಟಿ ಆಟೋ ಹತ್ತಿಸಿದಿರಿ. ಆಗಲೇ ನನ್ನ ಕೈನಡುಕ ನಿಂತದ್ದು.

ಎಲುಬು ಬಿರುಕು ಬಿಟ್ಟಿತ್ತು. ಈಗ ಪ್ಲಾಸ್ಟರ್ ಹಾಕಿದ್ದಾರೆ, ಅವ್ವ ಆರಾಮ ಇದ್ದಾಳೆ.

ಅಕ್ಕಾರ, ಗಾಬರಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ಹಸಿರು ವೇಲನ್ನು ಒಗೆದು ಮಡಚಿ ಇಟ್ಟಿದ್ದೇವೆ. "ಆ ಹುಡುಗಿ ಸಿಕ್ಕಳೇನ?" ಅಂತ ಅವ್ವ ದಿನಾ ಕೇಳುತ್ತಾಳೆ.